ಮೂವತ್ತೇಳರ ಹಾಜರಿ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಬಸ್ಸಿನ ಡ್ರೈವರು ಕಿಟಕಿಯಾಚೆ ತಲೆ ಹಾಕಿ, ದಾರಿಯನ್ನು ವಿಚಾರಿಸಿಕೊಂಡು ಹೋಗುವವನ ಹಾಗೆ ಬಸ್ಸು ಓಡಿಸುತ್ತಿದ್ದ. ಎದುರಿನ ಮೇಲ್ಸೇತುವೆ ಅರ್ಧಕ್ಕೇ ನಿಂತಿತ್ತು. ಉಳಿದರ್ಧವನ್ನು ಯಾರೋ ಒರೆಸಿ ಹಾಕಿದಂತಿತ್ತು. ಎಷ್ಟು ದೊಡ್ಡ ಊರಾದರೂ ಅಂಥ ಬೆಳಿಗ್ಗೆ ಸಣ್ಣದಾಗಿಬಿಡುತ್ತದೆ. ಕೈ ಚಾಚಿದಷ್ಟು ದೂರ ಊರು, ಅದರಾಚೆ ಏನಿದೆಯೋ ದೇವರೇ ಬಲ್ಲ.

ಕಾನೂನು ಕಾಲೇಜಿನ ಗೇಟಿನ ಮುಂದೆ ಆ ಹುಡುಗಿ ಇಳಿದಳು. ಅವಳನ್ನು ಅಲ್ಲಿ ಎಲ್ಲರೂ ಗಿಳಿ ಎನ್ನುತ್ತಿದ್ದರು. ಸೇರಿ ಇನ್ನೂ ವರ್ಷ ತುಂಬಿರಲಿಲ್ಲ, ಆಗಲೇ ಮನೆಯವರಿಟ್ಟ ಹೆಸರು ಮೂಲೆ ಸೇರಿ ಗಿಳಿ ನಿಂತಿತ್ತು. ಅದಕ್ಕೆ ಕಾರಣ ಅವಳ ಗಂಟಲು. ಊರಿನಲ್ಲಿ ಅವಳಪ್ಪನದು ಹಿಟ್ಟಿನ ಗಿರಣಿ. ಗಿರಣಿಯ ಪಟ್ಟಿ ತಿರುಗುತ್ತಿರುವಾಗ ಮನೆಮಂದಿಯೆಲ್ಲ ಅದರ ಸದ್ದಿನ ಮೇಲೆ ಕೂಗಿಯೇ ಮಾತಾಡಬೇಕು. ಹಾಗೆ ಕೂಗಿ ಕೂಗಿ ಬೆಳೆದ ಗಂಟಲು ಅದು. ಅದಲ್ಲದೆ ಜಗಲಿಯ ಮೇಲೆ ಅಜ್ಜಿ ಕತೆ ಹೇಳುತ್ತ ಕೂರುತ್ತಿದ್ದಳು. ರಾಜನಿಗೊಂದು ಧ್ವನಿ, ಕಾಗೆಗೊಂದು ಧ್ವನಿ, ಕಳ್ಳನಿಗೊಂದು. ಮೊಮ್ಮಗಳು ಕತೆಗಳನ್ನು ಮರೆತಳು, ಧ್ವನಿಗಳನ್ನು ಹಿಡಿದಿಟ್ಟುಕೊಂಡಳು. ದೇವರು ಒಬ್ಬೊಬ್ಬರನ್ನು ಕಳಿಸುವಾಗ ಬುತ್ತಿಯಲ್ಲಿ ಏನಾದರೊಂದು ಕಟ್ಟಿಕೊಡುತ್ತಾನೆ. ಇವಳಿಗೆ ಕಟ್ಟಿಕೊಟ್ಟದ್ದು ಊರವರ ಗಂಟಲನ್ನೆಲ್ಲ. "ಇದು ಗಿರಣಿ ಹತ್ರ ಸವೆದುಹೋಗೋ ಗಂಟಲಲ್ಲ, ಕೋರ್ಟಿನಲ್ಲಿ ಕೇಳಿಸಬೇಕಾದ್ದು" ಎಂದು ಅಪ್ಪ ಹಟ ಹಿಡಿದು ಅವಳನ್ನು ದೊಡ್ಡ ಊರಿಗೆ, ಚಿಕ್ಕಮ್ಮನ ಮನೆಗೆ ಕಳಿಸಿದ್ದ. ಬೇರೇನಿತ್ತು ಅವಳ ಹತ್ತಿರ? ಆ ಗಂಟಲೊಂದೇ.

ಕಾಲೇಜಿನಲ್ಲಿ ಅದು ಬೇರೆ ಕೆಲಸಕ್ಕೆ ಬಂತು. ಮೊದಲ ತರಗತಿ ತೆಗೆದುಕೊಳ್ಳುತ್ತಿದ್ದ ಮೇಷ್ಟ್ರಿಗೆ ಕಣ್ಣಿರಲಿಲ್ಲ. ನಡುವಯಸ್ಸಿನಲ್ಲಿ ಹೋದದ್ದು. ಆದರೂ ಕೋಲು ಹಿಡಿದು ಮೆಟ್ಟಿಲು ಹತ್ತಿ ಬಂದು, ಕಾನೂನಿನ ಪುಸ್ತಕವನ್ನು ಬಾಯಿಂದಲೇ ಬಿಚ್ಚುತ್ತಿದ್ದರು. ಹಾಜರಿಯನ್ನೂ ನೆನಪಿನಿಂದಲೇ ಕರೆಯುತ್ತಿದ್ದರು, ಹೆಸರಿನಿಂದಲ್ಲ, ನಂಬರಿನಿಂದ. "ಹೆಸರು ಕರೆದರೆ ಜೊತೆಗೆ ಮನೆತನವೂ ಎದ್ದು ನಿಲ್ಲುತ್ತೆ. ನಂಗೆ ನೀವೊಬ್ಬರೇ ಸಾಕು" ಎನ್ನುತ್ತಿದ್ದರು. ಉತ್ತರ ಬಾರದ ನಂಬರುಗಳನ್ನು ಮನಸ್ಸಿನಲ್ಲೇ ಇಟ್ಟುಕೊಂಡು, ಪಾಠ ಮುಗಿದ ಮೇಲೆ ಆಫೀಸಿನ ಗುಮಾಸ್ತನಿಗೆ ಒಪ್ಪಿಸುತ್ತಿದ್ದರು. ಕಿವಿಯೊಂದೇ ಸಾಕ್ಷಿ ಎಂದಮೇಲೆ ಹುಡುಗರು ಸುಮ್ಮನಿರುತ್ತಾರೆಯೆ? ಬಾರದ ಗೆಳೆಯರ ಹಾಜರಿಯನ್ನು ಗಿಳಿಯೇ ಕೂಗುತ್ತಿದ್ದಳು, ಅವರವರ ಧ್ವನಿಯಲ್ಲೇ. ಅದಕ್ಕೆ ಪ್ರತಿಯಾಗಿ ಕ್ಯಾಂಟೀನಿನಲ್ಲಿ ಒಂದು ಟೀ, ಒಂದು ಬನ್ನು. ಪಕ್ಕದಲ್ಲಿ ಕೂರುವ ನಿದ್ದೆಗಣ್ಣಿಯಂತೂ ಗಿಳಿಯ ಗಂಟಲ ಮೇಲೆ ಭಾರ ಹಾಕಿ ಹಾಯಾಗಿ ಮಲಗಿಬಿಡುತ್ತಿದ್ದಳು.

ಗಿಳಿಯ ನಂಬರು ಮೂವತ್ತೆಂಟು. ಅದರ ಹಿಂದಿನ ಮೂವತ್ತೇಳು ಯಾರದ್ದೂ ಅಲ್ಲ. ಆ ನಂಬರಿನವರನ್ನು ತರಗತಿಯಲ್ಲಿ ಯಾರೂ ಕಂಡಿರಲಿಲ್ಲ. ಆದರೂ ಮೇಷ್ಟ್ರು ದಿನವೂ ಕರೆಯುತ್ತಿದ್ದರು: "ಮೂವತ್ತೇಳು." ಕರೆದು, ಒಬ್ಬರು ಪುಸ್ತಕ ಮುಚ್ಚಿ ತಲೆಯೆತ್ತಿ ಉತ್ತರ ಕೊಡುವಷ್ಟು ಹೊತ್ತು ಕಾಯುತ್ತಿದ್ದರು. ಆಮೇಲೆ "ಮೂವತ್ತೆಂಟು." ವಯಸ್ಸಾದವರ ಅಭ್ಯಾಸ ಎಂದು ಹುಡುಗರು ಬಿಟ್ಟುಬಿಟ್ಟಿದ್ದರು. ಗಿಳಿಗೆ ಮಾತ್ರ ಆ ಸಂದು ದಿನವೂ ಕಾಲಿಗೆ ಸಿಗುತ್ತಿತ್ತು. ತನ್ನ ಮಾತು ಶುರುವಾಗಬೇಕಾದರೆ ಅದನ್ನು ದಾಟಿಯೇ ಬರಬೇಕು.

ಮಂಜಿನ ಆ ದಿನ ತರಗತಿ ಮುಕ್ಕಾಲು ಖಾಲಿ. ಕಿಟಕಿಯ ಗಾಜಿಗೆ ಬೆಳ್ಳಗೆ ಏನೋ ಒರಗಿಕೊಂಡು ಒಳಗೆ ಇಣುಕುತ್ತಿರುವಂತೆ ಕಾಣುತ್ತಿತ್ತು. ಗಿಳಿಗೆ ಕೈತುಂಬ ಕೆಲಸ. ನಿದ್ದೆಗಣ್ಣಿಯದ್ದು, ಹಿಂದಿನ ಬೆಂಚಿನ ಉದ್ದನೆಯವನದ್ದು, ಇನ್ನೂ ಯಾರ್‍ಯಾರದ್ದೋ ಕೂಗಿ ಕೂಗಿ ಅವಳಿಗೆ ಹುರುಪು ಬಂದಿತ್ತು.

"ಮೂವತ್ತೇಳು" ಎಂದರು ಮೇಷ್ಟ್ರು.

ಸದ್ದಿಲ್ಲ. ಆ ದಿನ ಸಂದು ಎಂದಿಗಿಂತ ದೊಡ್ಡದಾಗಿತ್ತು. ಪಾಪ, ಯಾರಾದರೂ ಒಂದು ದಿನ ಉತ್ತರ ಕೊಟ್ಟರೆ ಏನಾಗುತ್ತದೆ ಎನ್ನಿಸಿತು ಅವಳಿಗೆ. ಕಿಡಿಗೇಡಿತನವೂ ಅದರೊಳಗೆ ಸೇರಿಕೊಂಡಿತು. ಮುದುಕಿಯೊಬ್ಬಳ ನಡುಗುವ ಧ್ವನಿ ತೆಗೆಯೋಣ, ಎಲ್ಲರೂ ನಗಲಿ ಎಂದುಕೊಂಡು ಬಾಯಿ ತೆರೆದಳು.

ಮುದುಕಿಯ ಧ್ವನಿ ಬರಲಿಲ್ಲ.

"ಇದ್ದೀನಿ... ಸರ್."

ಎಳೆಯ ಧ್ವನಿ. ಸ್ವಲ್ಪ ಒಡಕು, ತುಂಬ ಹೊತ್ತು ಬಾಯಾರಿದವರ ಧ್ವನಿಯಂತೆ ಕೊನೆಯಲ್ಲಿ ಒಣಗಿಹೋಗುವಂಥದ್ದು. ಅದನ್ನು ಅವಳು ಹಿಂದೆಂದೂ ತೆಗೆದಿರಲಿಲ್ಲ, ಎಲ್ಲೂ ಕೇಳಿರಲಿಲ್ಲ. ಹುಡುಗರು ಬಾಯಿಗೆ ಕೈಯಡ್ಡ ಹಿಡಿದು ನಕ್ಕರು. ಮೇಷ್ಟ್ರು ಮುಖವನ್ನು ಮೆಲ್ಲಗೆ ಅವಳ ಕಡೆ ತಿರುಗಿಸಿದರು. ಹಳೆಯ ಅಭ್ಯಾಸಕ್ಕೆ ಅವರು ಕೈಯಲ್ಲಿ ಹಿಡಿದಿದ್ದ ಸೀಮೆಸುಣ್ಣ ಮುರಿದು ಮೇಜಿನ ಮೇಲೆ ಉರುಳಿತು. ತುಂಬ ಹೊತ್ತಾದ ಮೇಲೆ "ಮೂವತ್ತೆಂಟು" ಎಂದರು. ಗಿಳಿ ಬಾಯಿ ತೆರೆದಳು. ನಾಲಿಗೆ ಅಂಟಿಕೊಂಡಿತ್ತು. ಸದ್ದು ಹೊರಡುವಷ್ಟರಲ್ಲಿ ಅವರು ಮುಂದಿನ ನಂಬರಿಗೆ ಹೋಗಿಬಿಟ್ಟಿದ್ದರು.

ಮಾರನೆಯ ದಿನ ಬಿಸಿಲು ಚೆನ್ನಾಗಿತ್ತು. ನಿದ್ದೆಗಣ್ಣಿಯೂ ಎದ್ದು ಬಂದು ಪಕ್ಕದಲ್ಲಿ ಆಕಳಿಸುತ್ತಿದ್ದಳು. ಹಿಂದಿನ ದಿನದ ಕುಚೇಷ್ಟೆ ಸಾಕೆಂದು ಗಿಳಿ ತುಟಿ ಬಿಗಿದು ಕೂತಿದ್ದಳು. "ಮೂವತ್ತೇಳು" ಎಂದದ್ದೇ ತಡ, "ಇದ್ದೀನಿ ಸರ್" ಎಂದಿತು ಅದೇ ಒಣಗಿದ ಧ್ವನಿ, ಬಹಳ ಹತ್ತಿರದಿಂದ.

ನಿದ್ದೆಗಣ್ಣಿ ಅವಳ ತೊಡೆ ಚಿವುಟಿದಳು. "ಒಂದೇ ಜೋಕು ದಿನಾ ಮಾಡಿದ್ರೆ ಹಳಸುತ್ತೆ ಕಣೆ."

"ನಾನಲ್ಲ ಕಣೆ!"

"ಮತ್ಯಾರು, ನಿಮ್ಮಪ್ಪನ ಗಿರಣಿನಾ? ನಿನ್ನ ಬಾಯೇ ಅಲ್ಲಾಡ್ತು. ಕಣ್ಣಾರೆ ನೋಡ್ದೆ."

ಗಿಳಿ ಬೆರಳಿನಿಂದ ತನ್ನ ತುಟಿ ಮುಟ್ಟಿ ನೋಡಿಕೊಂಡಳು. ಅದು ಅಲ್ಲಾಡಿದ್ದು ಅವಳಿಗೆ ಗೊತ್ತಾಗಿರಲಿಲ್ಲ. ಅಷ್ಟರಲ್ಲಿ ಅವಳ ಸ್ವಂತ ನಂಬರು ಬಂತು. ಬಾವಿಯಿಂದ ಹಗ್ಗ ಸೇದಿದರೆ ಬರಿಯ ಹಗ್ಗವೇ ಮೇಲೆ ಬಂದು, ಕೊಡ ತಳದಲ್ಲೇ ಉಳಿದ ಹಾಗಾಯಿತು. ಕೈಯೆತ್ತಿದಳು. ಕಣ್ಣಿಲ್ಲದವರಿಗೆ ಕೈಯೆತ್ತಿ ಏನು ಪ್ರಯೋಜನ? ಮೇಷ್ಟ್ರು ಕಾದರು, ಮುಂದಕ್ಕೆ ಹೋದರು.

ಅಂದಿನಿಂದ ಅದೇ ನಡೆಯಿತು. ಮೂವತ್ತೇಳು ಒಂದು ದಿನವೂ ತಪ್ಪಲಿಲ್ಲ, ಮೂವತ್ತೆಂಟು ಒಂದು ದಿನವೂ ಬರಲಿಲ್ಲ. ಮೊದಮೊದಲು ನಕ್ಕ ಹುಡುಗರು ಆಮೇಲೆ ನಗುವುದನ್ನು ಬಿಟ್ಟರು. ಗಿಳಿಯ ಹಿಂದಿನ ಬೆಂಚು ತಾನಾಗಿ ಖಾಲಿಯಾಯಿತು. ನಿದ್ದೆಗಣ್ಣಿ ಮಾತ್ರ ದಿನವೂ ಎಲ್ಲರಿಗಿಂತ ಮೊದಲೇ ಬಂದು ಕೂರತೊಡಗಿದಳು. "ನನ್ನ ಹಾಜರಿ ನಾನೇ ಹೇಳ್ಕೋತೀನಿ ತಾಯಿ, ನೀನು ದಯವಿಟ್ಟು ಹೇಳಬೇಡ" ಎಂದು ಕೈಮುಗಿದಳು. ಆದರೂ ಜಾಗ ಬದಲಿಸಲಿಲ್ಲ. ಗೆಳೆತನದಲ್ಲಿ ಅಷ್ಟಾದರೂ ಇರುತ್ತದೆ.

ತರಗತಿಯಲ್ಲಿ ಶುರುವಾದದ್ದು ತರಗತಿಯಲ್ಲೇ ಉಳಿಯಲಿಲ್ಲ. ಬಸ್ಸಿನಲ್ಲಿ "ನಿಲ್ಲಿಸಿ" ಎಂದರೆ ಕಂಡಕ್ಟರಿಗೆ ಕೇಳಿಸದೆ ಬಸ್ಸು ಅವಳನ್ನು ಮುಂದಿನ ಸ್ಟಾಪಿಗೆ ಒಯ್ಯುತ್ತಿತ್ತು. ಚಿಕ್ಕಮ್ಮನದು ಮೂರನೇ ಮಹಡಿಯಲ್ಲಿ ಒಂದೇ ಕೋಣೆ, ಪರದೆಯ ಹಿಂದೆ ಅಡಿಗೆ. ಅವಳು ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆಗಳನ್ನು ನೋಡಿಕೊಳ್ಳುವ ಕೆಲಸದವಳು. ದಿನವಿಡೀ ಬಿಳಿ ದುಪ್ಪಟಿ ಮಡಚಿ ಮಡಚಿ, ಮನೆಯಲ್ಲಿ ಟವೆಲ್ಲನ್ನೂ ನಾಲ್ಕು ಮೂಲೆ ಕೂಡಿಸಿಯೇ ಇಡುವ ಹೆಂಗಸು. ಬಾಯಿ ಮಾತ್ರ ಮಡಚುವವಳಲ್ಲ.

"ಬಂದ್ಯಾ?" ಎಂದಳು ಚಿಕ್ಕಮ್ಮ, ಬಾಗಿಲ ಸದ್ದಿಗೆ, ಪರದೆಯ ಹಿಂದಿನಿಂದ.

"ಬಂದೆ ಚಿಕ್ಕಮ್ಮ."

ಸ್ವಲ್ಪ ಹೊತ್ತಿಗೆ ಪರದೆ ಸರಿಸಿ ಹೊರಬಂದ ಚಿಕ್ಕಮ್ಮ ಎದೆ ಹಿಡಿದುಕೊಂಡಳು. "ಅಯ್ಯೋ! ಯಾವಾಗ ಬಂದ್ಯೇ? ಬೆಕ್ಕಿನ ಹಾಗೆ ಬಂದು ಕೂತಿದ್ದೀಯಲ್ಲ. ಬಂದೆ ಅಂತ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಹೇಳಿದ್ದೆ ಎಂದು ಗಿಳಿ ಇನ್ನೊಮ್ಮೆ ಹೇಳಿದಳು. ಚಿಕ್ಕಮ್ಮ ಆಗಲೇ ಆಸ್ಪತ್ರೆಯ ಸುದ್ದಿಗೆ ಹೋಗಿದ್ದಳು. ಉಪ್ಪುನೀರು ಮುಕ್ಕಳಿಸಿದ್ದಾಯಿತು, ಬಿಸಿನೀರಿನ ಹಬೆ ತೆಗೆದುಕೊಂಡದ್ದಾಯಿತು. ಗಂಟಲು ನೋಯುತ್ತಿರಲಿಲ್ಲ, ಕಟ್ಟಿರಲಿಲ್ಲ. ಅದು ಅವಳದಾಗಿ ಉಳಿದಿರಲಿಲ್ಲ, ಅಷ್ಟೇ.

ಸಂಜೆ ದೀಪ ಹಚ್ಚಿ ಕೈಮುಗಿಯುವಾಗ ನಾಲ್ಕು ಮಾತು ಬಾಯಿಬಿಟ್ಟು ಹೇಳಿಕೊಳ್ಳುವುದು ಅವಳ ಚಿಕ್ಕಂದಿನ ಅಭ್ಯಾಸ. ಆ ಸಂಜೆಯೂ ಕಣ್ಣು ಮುಚ್ಚಿ "ದೇವರೇ" ಎಂದಳು. ಬಾಯಾರಿದ ಆ ಇನ್ನೊಂದು ಧ್ವನಿ "ದೇವರೇ" ಎಂದಿತು. ಗಿಳಿ ಥಟ್ಟನೆ ಬಾಯಿ ಮುಚ್ಚಿಕೊಂಡಳು. ಮುಂದಿನ ಮಾತನ್ನು ಮನಸ್ಸಿನಲ್ಲೇ ಹೇಳಿದಳು. ದೇವರ ಹತ್ತಿರ ಯಾರ ಬೇಡಿಕೆ ಯಾರ ಹೆಸರಿಗೆ ಸೇರುತ್ತಿದೆಯೋ ಎಂಬ ಭಯ ಅವಳನ್ನು ಬಹಳ ಹೊತ್ತು ಎದ್ದೇಳಗೊಡಲಿಲ್ಲ.

ಎದ್ದವಳೇ ಊರಿಗೆ ಫೋನು ಮಾಡಿದಳು. ಗಿರಣಿ ನಿಲ್ಲಿಸುವ ಹೊತ್ತು ಅದು; ಅಮ್ಮನ ಕಿವಿ ಖಾಲಿ ಇರುತ್ತದೆ.

"ಅಮ್ಮಾ."

"ಯಾರು?"

"ಅಮ್ಮಾ, ನಾನು."

"ಯಾರಮ್ಮ ನೀನು? ನಮ್ಮ ಹುಡುಗಿ ಫೋನಿಂದ ಮಾಡ್ತಿದ್ದೀಯ. ಅವಳ ಗೆಳತಿನಾ?" ಅಮ್ಮನ ಮಾತಿನಲ್ಲಿ ಅಕ್ಕರೆಯೇ ಇತ್ತು. "ಧ್ವನಿ ಯಾಕೆ ಹೀಗೆ ಒಣಗಿದೆ ಮಗು? ಮೊದಲು ಒಂಚೂರು ನೀರು ಕುಡಿ. ಕುಡಿದು ಅವಳಿಗೆ ಕೊಡು."

ಗಿಳಿ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಅದರೊಳಗಿನಿಂದ ಅಮ್ಮ "ಹಲೋ, ಹಲೋ" ಎನ್ನುತ್ತಲೇ ಇದ್ದಳು. ಹೆತ್ತವಳಿಗೇ ಗುರುತು ಸಿಗಲಿಲ್ಲವೆಂದ ಮೇಲೆ ಇನ್ನಾರಿಗೆ ಸಿಗಬೇಕು?

ಆ ವಾರವೇ ಗುಮಾಸ್ತ ಕಿಟಕಿಯಿಂದ ಕರೆದ. ಈ ಕಾಲೇಜಿಗೆ ಹೊಸದಾಗಿ ಬಂದವನು ಆತ. "ಮೂವತ್ತೆಂಟು ಅಲ್ವೇನಮ್ಮ ನೀನು? ಕ್ಲಾಸಿಗೆ ಬರ್ತಾನೇ ಇಲ್ವಲ್ಲ. ಹೀಗಾದ್ರೆ ಪರೀಕ್ಷೆಗೆ ಕೂರಿಸಲ್ಲ, ಆಮೇಲೆ ಅಪ್ಪನ್ನ ಕರ್ಕೊಂಡು ಬಂದು ಅತ್ತರೆ ನಾನು ಜವಾಬ್ದಾರನಲ್ಲ. ಮೂವತ್ತೇಳನ್ನ ನೋಡಿ ಕಲಿ. ಮೊದಲೆಲ್ಲ ನಿನಗಿಂತ ಕಡೆ. ಈಗ ನೋಡು, ಒಂದು ದಿನ ತಪ್ಪಿಸ್ತಾಳಾ?"

ಗಿಳಿಗೆ ನಗು ಬಂತು. ಅದು ಹೊರಗೆ ಬಂದಾಗ ಬೇರೆಯವರ ನಗುವಾಗಿತ್ತು. ಗುಮಾಸ್ತ ಕಿಟಕಿಯನ್ನು ಅರ್ಧ ಎಳೆದುಕೊಂಡ.

ಅಲ್ಲಿಂದ ನೇರ ಮೇಷ್ಟ್ರ ಕೋಣೆಗೆ ಹೋದಳು. ಮಧ್ಯಾಹ್ನದ ಹೊತ್ತು. ಉದ್ದನೆಯ ಪಡಸಾಲೆಯ ಕೊನೆಯಲ್ಲಿ, ಪುಸ್ತಕಗಳ ನಡುವೆ ಅವರು ದೀಪವಿಲ್ಲದೆ ಕೂತಿದ್ದರು. ಅವರಿಗೇನು ದೀಪ.

"ಬಾ ಗಿಳಿ. ಲೈಟು ಬೇಕಿದ್ರೆ ಹಾಕ್ಕೋ" ಎಂದರು, ಹೆಜ್ಜೆಯ ಸದ್ದಿನಲ್ಲೇ ಗುರುತು ಹಿಡಿದು.

"ಸರ್" ಎಂದಳು.

ಮೇಷ್ಟ್ರು ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಸ್ವಲ್ಪ ಸುಧಾರಿಸಿಕೊಂಡು ಹೇಳಿದರು: "ಹಾಗೆ ಬೇಡ. ಪಿಸುಮಾತಲ್ಲಿ ಹೇಳು. ಪಿಸುಮಾತಿಗೆ ಗಂಟಲು ಬೇಕಿಲ್ಲ, ಉಸಿರು ಸಾಕು. ಉಸಿರಾದ್ರೂ ನಿಂದೇ ಇರಬೇಕು."

ಗಿಳಿ ಪಿಸುಗುಟ್ಟಿದಳು. ಎಷ್ಟೋ ದಿನಗಳ ಮೇಲೆ ಒಬ್ಬರು ತನ್ನ ಮಾತನ್ನು ಕೇಳಿಸಿಕೊಳ್ಳುತ್ತಿದ್ದಾರೆ ಎಂಬುದಕ್ಕೇ ಕಣ್ಣು ತುಂಬಿ ಬಂತು. "ತಮಾಷೆಗೆ ಮಾಡ್ದೆ ಸರ್. ಯಾರ ಧ್ವನಿ ಅಂತ ನಂಗೆ ಗೊತ್ತಿಲ್ಲ. ನೀವು ಬಯ್ಯಿರಿ, ಆದ್ರೆ ನಂದು ನಂಗೆ ಕೊಡಿಸಿ."

"ನಾನ್ಯಾಕೆ ಬಯ್ಯಲಿ? ನೀನು ಯಾರ್‍ಯಾರ ಹಾಜರಿ ಕೂಗ್ತೀಯ ಅಂತ ಮೊದಲ ವಾರದಿಂದ ಗೊತ್ತು. ಆ ಆಕಳಿಸೋ ಹುಡುಗಿದು, ಹಿಂದಿನ ಉದ್ದನೆ ಹುಡುಗಂದು. ಎಷ್ಟು ಚೆನ್ನಾಗಿ ಮಾಡಿದ್ರೂ ಅದರ ಕೆಳಗೆ ನಿನ್ನ ಉಸಿರಿರ್ತಿತ್ತು. ಕೇಳಿ ಒಳಗೊಳಗೇ ನಗ್ತಿದ್ದೆ." ಅವರು ಮುಂದಕ್ಕೆ ಬಾಗಿದರು. "ಮಂಜಿನ ದಿನ ನಿನ್ನ ಉಸಿರೇ ಇರ್ಲಿಲ್ಲ."

ಗಿಳಿ ಗೋಡೆ ತಡವಿ ಲೈಟು ಹಾಕಿದಳು.

"ಗೇಟಿನ ಹತ್ರ ಕರಿ ಕೋಟು ಹೊಲೀತಾಳಲ್ಲ ದರ್ಜಿಯಮ್ಮ, ಅವಳ ಮಗಳದು ಮೂವತ್ತೇಳು" ಎಂದರು ಮೇಷ್ಟ್ರು. "ಕಾಲೇಜು ಸೇರಿ ಒಂದು ತಿಂಗಳು ಬಂದಿರಬಹುದು. ಒಂದು ದಿನ ಪಾಠದ ಮಧ್ಯೆ ಎದ್ದು, ನೀರು ಕುಡಿದು ಬರ್ತೀನಿ ಸರ್ ಅಂದ್ಲು. ಹೋಗಮ್ಮ ಅಂದೆ. ಹೋದವಳು ಬರ್ಲೇ ಇಲ್ಲ. ಪುಸ್ತಕ ಬೆಂಚಿನ ಮೇಲೆ, ಚಪ್ಪಲಿ ಕಾಲಲ್ಲಿ. ಪೊಲೀಸರು ಹುಡುಕಿದ್ರು, ಅವಳಮ್ಮ ಹುಡುಕಿದ್ಲು, ಈ ಊರು ಬಾಯಿ ಬಿಡಲಿಲ್ಲ. ಆಗಿನ್ನೂ ನನಗೆ ಕಣ್ಣಿತ್ತು. ಆದ್ರೆ ಬೋರ್ಡಿನ ಕಡೆ ತಿರುಗಿದ್ದೆ. ಹಾಗಾಗಿ ನನ್ನ ಹತ್ರ ಉಳಿದಿರೋದು ಆ ಧ್ವನಿ ಮಾತ್ರ."

"ಅದಕ್ಕೇ ಕರೀತೀರಾ?"

"ದರ್ಜಿಯಮ್ಮ ಕೇಳ್ಕೊಂಡ್ಲು. ದಿನಾ ಒಂದ್ಸಲ ಕರೀರಿ ಸರ್, ಕರೆಯೋರು ಯಾರೂ ಇಲ್ಲ ಅನ್ಕೊಂಡು ಎಲ್ಲೋ ನಿಂತುಬಿಟ್ಟಿದ್ರೆ ಅಂತ. ಆ ನಂಬರು ಬೇರೆಯವರಿಗೆ ಕೊಡದ ಹಾಗೆ ನಾನೇ ನೋಡ್ಕೊಂಡೆ." ಅವರು ಹಣೆ ತಿಕ್ಕಿಕೊಂಡರು. "ಕಾಣೆಯಾದವರ ಬಗ್ಗೆ ಕಾನೂನು ಏನು ಹೇಳುತ್ತೆ, ನಿಮಗೆ ಪಾಠ ಮಾಡಿದ್ದೀನಿ. ಹೇಳು."

ಗಿಳಿ ಪರೀಕ್ಷೆಯಲ್ಲಿ ಕೂತವಳಂತೆ ಪಿಸುಗುಟ್ಟಿದಳು: "ಅವರ ಸುದ್ದಿ ಯಾರಿಗೆ ಸಹಜವಾಗಿ ತಿಳೀಬೇಕೋ, ಅವರಿಗೆ ಏಳು ವರ್ಷ ತಿಳೀದೇ ಇದ್ರೆ, ತೀರಿಕೊಂಡರು ಅಂತ ಭಾವಿಸಬಹುದು."

"ಈ ವರ್ಷಕ್ಕೆ ಏಳು ತುಂಬುತ್ತೆ. ಈಗ ನನ್ನ ಕಿವಿಗೆ ಬಿದ್ದಿದೆ. ಆದ್ರೆ ಸಹಜವಾಗಿ ತಿಳೀಬೇಕಾದವನು ನಾನಲ್ಲವಲ್ಲ. ದರ್ಜಿಯಮ್ಮನಿಗೆ ಹೇಳೋಕೆ ಇನ್ನೂ ಬಾಯಿ ಬಂದಿಲ್ಲ ನಂಗೆ."

"ನಂದು ಎಲ್ಲಿ ಹೋಯ್ತು ಸರ್?"

"ಒಂದು ಗಂಟಲಲ್ಲಿ ಇಬ್ಬರು ಎಷ್ಟು ದಿನ ಕೂರೋಕಾಗುತ್ತೆ ಮಗು? ನೀನು ಬಾಗಿಲು ತೆಗೆದೆ, ಅವಳು ಬಂದು ಕೂತ್ಲು. ಎಷ್ಟು ವರ್ಷದಿಂದ ನಿಂತಿದ್ದಳೋ. ಎದ್ದು ಹೋಗು ಅನ್ನೋ ಅಧಿಕಾರ ನಂಗಿಲ್ಲ. ಹೆತ್ತವಳಿಗಿದೆ." ಕುರುಡು ಕಣ್ಣುಗಳನ್ನು ಅವಳ ಕಡೆ ಎತ್ತಿ, ಬಹಳ ಮೆಲ್ಲಗೆ ಹೇಳಿದರು: "ನೀನೇ ಹೋಗಿ ದರ್ಜಿಯಮ್ಮನ್ನ ಕರಿ. ಒಂದು ಮಾತು ತಿಳ್ಕೊಂಡು ಹೋಗು. ಅವಳ ಹತ್ರ ಉಳಿದಿರೋದು ಒಂದೇ ಒಂದು ಆಸೆ. ನಿನ್ನದು ನಿನಗೆ ಬರಬೇಕಾದ್ರೆ ಅವಳದು ಹೋಗುತ್ತೆ."

ಗಿಳಿ ಆ ದಿನ ಹೋಗಲಿಲ್ಲ. ಮರುದಿನವೂ ಗೇಟಿನ ತನಕ ಹೋಗಿ ಹಿಂದಿರುಗಿದಳು. ಇನ್ನೊಬ್ಬಳ ಆಸೆಯನ್ನು ಕಿತ್ತು ತನ್ನದನ್ನು ತುಂಬಿಕೊಳ್ಳುವುದೆ? ಹೀಗೇ ಇದ್ದುಬಿಟ್ಟರೇನಂತೆ, ಮಾತಾಡದೆ ಬದುಕಿದವರು ಇಲ್ಲವೆ ಎಂದೂ ಯೋಚಿಸಿದಳು. ಆದರೆ ಮೂರನೆಯ ಬೆಳಿಗ್ಗೆ ಕನ್ನಡಿಯ ಮುಂದೆ ಜಡೆ ಹೆಣೆಯುತ್ತಿರುವಾಗ ತಾನು ಮೆಲ್ಲನೆ ಏನೋ ಗುನುಗುತ್ತಿದ್ದೇನೆ ಎಂಬುದು ಅರಿವಿಗೆ ಬಂತು. ಆ ಹಾಡು ಅವಳಿಗೆ ಗೊತ್ತಿರಲಿಲ್ಲ. ಸ್ನಾನಕ್ಕೆ ಹೊರಟಿದ್ದ ಚಿಕ್ಕಮ್ಮ ನಿಂತು, "ಎಷ್ಟು ಚೆನ್ನಾಗಿ ಹಾಡ್ತೀಯಮ್ಮ. ಯಾರ ಮನೆ ಹುಡುಗಿ ನೀನು?" ಎಂದಳು. ಎಂದವಳೇ ಗಾಬರಿಯಾಗಿ ಕಣ್ಣು ಉಜ್ಜಿಕೊಂಡು, "ನಿದ್ದೆಗಣ್ಣು, ಏನೋ ಅಂದೆ" ಎಂದು ನಕ್ಕಳು. ಗಿಳಿ ಜಡೆಯನ್ನು ಅರ್ಧಕ್ಕೇ ಬಿಟ್ಟು ಮೆಟ್ಟಿಲಿಳಿದಳು.

ದರ್ಜಿಯಮ್ಮನ ಅಂಗಡಿ ಗೇಟಿನ ಪಕ್ಕದ ಕಟ್ಟಡದ ಮೆಟ್ಟಿಲ ಕೆಳಗೆ. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಪೆಟ್ಟಿಗೆ. ಮೇಲೆ ಸರಳಿನಲ್ಲಿ ಕರಿ ಕೋಟುಗಳು ಭುಜಕ್ಕೆ ಭುಜ ತಾಗಿಸಿ, ಒಳಗೆ ಯಾರೂ ಇಲ್ಲದೆ ಸಾಲಾಗಿ ನಿಂತಿದ್ದವು. ದರ್ಜಿಯಮ್ಮ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುತ್ತಿದ್ದಳು.

"ಬನ್ನಿ ವಕೀಲರಮ್ಮ. ಮೊದಲ ವರ್ಷದವಳಲ್ವಾ? ನಿಂಗ್ಯಾಕೆ ಈಗಲೇ ಕೋಟು? ಈಗ ಅಳತೆ ಕೊಟ್ರೆ ಕೋರ್ಟಿಗೆ ಹೋಗೋ ಹೊತ್ತಿಗೆ ಗುಂಡಿ ಹಾಕೋಕಾಗಲ್ಲ. ಕ್ಯಾಂಟೀನಿನ ಬನ್ನು ಯಾರನ್ನೂ ಬಿಟ್ಟಿಲ್ಲ."

ಗಿಳಿ ಗಂಟಲಿನ ಮೇಲೆ ಕೈಯಿಟ್ಟುಕೊಂಡು ನಿಂತಳು. ಬಾಯಿಬಿಟ್ಟು ಒಂದು ಮಾತಾಡಿದರೆ ಇಲ್ಲೇ, ಈ ಕತ್ತರಿಸಿದ ಬಟ್ಟೆಗಳ ನಡುವೆಯೇ ಅದು ಎದ್ದುಬಿಡುತ್ತದೆ.

"ಏನಮ್ಮ, ಮಾತು ಬರಲ್ವಾ?"

"ಮೇಷ್ಟ್ರು ನಿಮ್ಮನ್ನ ಬೆಳಗಿನ ಕ್ಲಾಸಿಗೆ ಕರ್ಕೊಂಡು ಬಾ ಅಂದಿದ್ದಾರೆ" ಎಂದು ಪಿಸುಗುಟ್ಟಿದಳು.

ಯಂತ್ರ ನಿಂತಿತು. ದರ್ಜಿಯಮ್ಮ ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. "ಕರೆಯೋದು ನಿಲ್ಲಿಸ್ತಾರಂತಾ?"

ಗಿಳಿ ಇಲ್ಲವೆಂದು ತಲೆಯಾಡಿಸಿದಳು.

"ಮತ್ತೇನು?"

"ಉತ್ತರ ಬರ್ತಿದೆ."

ರಸ್ತೆಯಲ್ಲಿ ಬಸ್ಸುಗಳು ಹೋಗುತ್ತಲೇ ಇದ್ದವು. ದರ್ಜಿಯಮ್ಮ ಹುಡುಗಿಯ ಮುಖ ನೋಡಿದಳು, ಗಂಟಲ ಮೇಲಿನ ಕೈ ನೋಡಿದಳು. ಯಾರು, ಎಲ್ಲಿ, ಹೇಗೆ ಎಂದು ಏನನ್ನೂ ಕೇಳಲಿಲ್ಲ. ಒಂದೇ ಒಂದು ಮಾತು ಕೇಳಿದಳು.

"ಬಾಯಾರಿದ ಹಾಗಿದೆಯಾ?"

ಗಿಳಿ ಹೌದೆಂದು ತಲೆ ಬಾಗಿಸಿದಳು. ದರ್ಜಿಯಮ್ಮ ಅಂಗಡಿಯ ಬಾಗಿಲೆಳೆದು, ಸೆರಗಿನಿಂದ ಮುಖ ಒರೆಸಿಕೊಂಡು, "ನಡಿ" ಎಂದಳು.

ಅವಳು ತರಗತಿಯೊಳಗೆ ಬಂದಾಗ ಹುಡುಗರು ತಮಗೇ ಗೊತ್ತಿಲ್ಲದೆ ಎದ್ದು ನಿಂತರು. ನಿದ್ದೆಗಣ್ಣಿ ಸರಿದು ಜಾಗ ಕೊಟ್ಟಳು. ದರ್ಜಿಯಮ್ಮ ಗಿಳಿಯ ಪಕ್ಕದಲ್ಲಿ ಕೂತು, ನೂಲಿನ ಎಳೆ ಅಂಟಿದ ಕೈಗಳನ್ನು ಬೆಂಚಿನ ಮೇಲಿಟ್ಟಳು. ಮೇಷ್ಟ್ರು ಬಂದರು. ಎಂದಿಗಿಂತ ಒಂದು ಉಸಿರು ಹೆಚ್ಚಿರುವುದು ಅವರಿಗೆ ಬಾಗಿಲಲ್ಲೇ ತಿಳಿದಿರಬೇಕು. ಮೇಜಿನ ಹಿಂದೆ ನಿಂತು ಹಾಜರಿ ಶುರು ಮಾಡಿದರು. ನಂಬರುಗಳು ಒಂದರ ಹಿಂದೊಂದು ಹತ್ತಿರ ಬಂದವು. ನಿದ್ದೆಗಣ್ಣಿ ಆಕಳಿಸದೆ ತನ್ನದನ್ನು ಹೇಳಿದಳು.

"ಮೂವತ್ತೇಳು."

"ಇದ್ದೀನಿ ಸರ್."

ದರ್ಜಿಯಮ್ಮ ಕಣ್ಣು ಮುಚ್ಚಿದಳು. ಅವಳ ಮುಖದಲ್ಲಿ ಬೆಳಕೊಂದು ಬಂದು ಹೋಯಿತು. ಎಂಥ ಬೆಳಕೆಂದರೆ, ಅದನ್ನು ನೋಡಿದವರು ಆಮೇಲೆ ಆ ಹೊತ್ತಿನ ಬಗ್ಗೆ ಮಾತಾಡುವಾಗೆಲ್ಲ ಸುಮ್ಮನಾಗಿಬಿಡುತ್ತಿದ್ದರು.

"ಎಲ್ಲಿದ್ದೀಯೇ ಮಗಳೇ?" ಎಂದಳು ತಾಯಿ, ಅಡಿಗೆಮನೆಯಿಂದ ಕೇಳುವಷ್ಟು ಸಹಜವಾಗಿ.

"ಇದ್ದೀನಿ."

"ಇದ್ದೀಯ ಸರಿ. ಎಲ್ಲಿ ಅಂತ ಹೇಳು. ಬಂದು ಕರ್ಕೊಂಡು ಹೋಗ್ತೀನಿ. ಬಯ್ಯಲ್ಲ."

"ಇದ್ದೀನಿ" ಎಂದಿತು ಗಿಳಿಯ ಬಾಯಿ.

"ಯಾರಾದ್ರೂ ಏನಾದ್ರೂ ಮಾಡಿದ್ರಾ? ಹೇಳು ಕಂದ, ನನ್ನ ಹತ್ರ ಏನು."

"ಇದ್ದೀನಿ."

ಅದರ ಹತ್ತಿರ ಇದ್ದದ್ದು ಆ ಒಂದೇ ಮಾತು. ಅದನ್ನೇ ಎಷ್ಟು ಸಲ ಕೇಳಿದರೂ ಕೊಡುತ್ತಿತ್ತು, ಪ್ರತಿ ಸಲವೂ ಇನ್ನಷ್ಟು ಒಣಗಿ. ಗಿಳಿಯ ಕಣ್ಣಿಂದ ನೀರು ಹರಿಯುತ್ತಿತ್ತು, ಅದಂತೂ ಅವಳದೇ. ದರ್ಜಿಯಮ್ಮ ನಾಲ್ಕನೆಯ ಪ್ರಶ್ನೆಗೆ ಬಾಯಿ ತೆರೆದವಳು ನಿಲ್ಲಿಸಿದಳು. ಕಣ್ಣು ಬಿಟ್ಟು ಪಕ್ಕದ ಹುಡುಗಿಯನ್ನು ನೋಡಿದಳು. ಅರ್ಧ ಹೆಣೆದ ಜಡೆ, ನೆನೆದ ಕೆನ್ನೆ, ತನ್ನದಲ್ಲದ ಮಾತಿಗೆ ತೆರೆದುಕೊಂಡಿರುವ ತುಟಿ.

"ಮೇಷ್ಟ್ರೇ" ಎಂದಳು. ಧ್ವನಿ ಗಟ್ಟಿಯಾಗಿಯೇ ಇತ್ತು. "ಬದುಕಿದ್ದಿದ್ರೆ ಅವಳಿಗೆ ಇನ್ನೊಬ್ಬರ ಗಂಟಲು ಯಾಕೆ ಬೇಕಿತ್ತು?"

ಮೇಷ್ಟ್ರ ಕಾನೂನಿನಲ್ಲಿ ಅದಕ್ಕಿಂತ ದೊಡ್ಡ ಸಾಕ್ಷ್ಯವಿರಲಿಲ್ಲ.

ದರ್ಜಿಯಮ್ಮ ಕೈಗಂಟಿದ ನೂಲಿನ ಎಳೆಗಳನ್ನು ಒಂದೊಂದಾಗಿ ಬಿಡಿಸಿದಳು. ಏಳು ವರ್ಷ ದಿನವೂ ಹಚ್ಚಿಟ್ಟದ್ದನ್ನು ತನ್ನ ಕೈಯಾರೆ ಆರಿಸಬೇಕು. ಅದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟನ್ನು ಯಾರೂ ಅವಳಿಂದ ಕಸಿಯಲಿಲ್ಲ. ಹೊರಗೆ ಪಡಸಾಲೆಯಲ್ಲಿ ಯಾರೋ ಕುರ್ಚಿ ಎಳೆದರು. ಆಮೇಲೆ ಅವಳು ಕೈಯೆತ್ತಿ, ಕಾಲರಿಗೆ ಅಳತೆ ಹಿಡಿಯುವವಳಂತೆ ಗಿಳಿಯ ಕುತ್ತಿಗೆಯ ಮೇಲೆ ನವಿರಾಗಿ ಅಂಗೈ ಇಟ್ಟಳು. ಅಂಗೈ ಬೆಚ್ಚಗಿತ್ತು. ಅದರಡಿ ಗಂಟಲು ಮಂಜಿನಷ್ಟು ತಣ್ಣಗಿತ್ತು.

"ಸಾಕು ಕಂದ" ಎಂದಳು. "ಕರೀತಿದ್ದದ್ದು ನಿನಗೆ ಕೇಳಿಸ್ತು, ನೀನು ಹೇಳಿದ್ದು ನನಗೂ ಕೇಳಿಸ್ತು. ಇನ್ನು ಕರೆಯಲ್ಲ, ನಿಂತು ಕಾಯಬೇಡ. ಈ ಮಗುಗೂ ಒಬ್ಬಳು ಅಮ್ಮ ಇದ್ದಾಳೆ. ಅವಳದು ಅವಳಿಗೆ ಕೊಟ್ಟು ನೀನು ಹೊರಡು. ದೇವರು ದಾರಿಗಿರಲಿ."

ಗಿಳಿಗೆ ಗಂಟಲೊಳಗೆ ಯಾರೋ ಎದ್ದು ನಿಂತಂತಾಯಿತು. ತುಂಬ ಹೊತ್ತು ಒಂದೇ ಕಡೆ ಕೂತವರು ಏಳುವಾಗ ತಡವರಿಸುವ ಹಾಗೆ ಏನೋ ತಡವರಿಸಿತು. ದರ್ಜಿಯಮ್ಮ ಕೈ ಸರಿಸಲಿಲ್ಲ. ಅಂಗೈಯನ್ನು ಇನ್ನಷ್ಟು ಒತ್ತಿ, ಇನ್ನೊಂದು ಕೈಯಿಂದ ಗಾಳಿಯಲ್ಲಿ ಏನನ್ನೋ ಸವರಿದಳು, ಮಗುವಿನ ಹಣೆಯ ಕೂದಲು ಹಿಂದೆ ಸರಿಸುವಂತೆ.

ಬಾಗಿಲ ಕಡೆ ಯಾರೂ ನಡೆಯಲಿಲ್ಲ. ಆದರೂ ಬಾಗಿಲ ಪಕ್ಕದ ಬೆಂಚಿನ ಹುಡುಗರು ದಾರಿ ಬಿಡುವವರಂತೆ ಕಾಲು ಒಳಗೆಳೆದುಕೊಂಡರು.

ಮೇಷ್ಟ್ರು ಕಿವಿಗೊಟ್ಟು ನಿಂತಿದ್ದರು. ಆಮೇಲೆ ಕೇಳಿದರು: "ನಾಳೆ..."

"ಬೇಡ ಸರ್" ಎಂದಳು ದರ್ಜಿಯಮ್ಮ. "ಆ ನಂಬರು ಇನ್ಯಾರಿಗಾದ್ರೂ ಆಗಲಿ."

ಮೇಷ್ಟ್ರು ತಲೆ ಬಾಗಿಸಿದರು. ಎಂದಿನ ಧ್ವನಿಯಲ್ಲಿ, ಎಂದಿನ ಹಾಗೆ, ಮುಂದಕ್ಕೆ ಕರೆದರು.

"ಮೂವತ್ತೆಂಟು."

ಅಂಗೈಯಡಿ ಗಂಟಲು ನಿಧಾನವಾಗಿ ಬೆಚ್ಚಗಾಗುವುದು ಎಲ್ಲರಿಗಿಂತ ಮೊದಲು ಗೊತ್ತಾದದ್ದು ದರ್ಜಿಯಮ್ಮನಿಗೆ. ಆ ಬಿಸುಪನ್ನು ಒಂದು ಕ್ಷಣ, ಒಂದೇ ಒಂದು ಕ್ಷಣ ಹಿಡಿದುಕೊಂಡಿದ್ದಳು. ಆಮೇಲೆ ಹುಡುಗಿಯದನ್ನು ಹುಡುಗಿಗೆ ಬಿಟ್ಟು, ಸದ್ದಿಲ್ಲದೆ ಕೈ ತೆಗೆದಳು.